ಬಡಿಸುವ ಕೈ, ಉಣ್ಣುವ ಮನಸ್ಸು

ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕುಳಿತರೂ ಚಿಂತೆಯಿಲ್ಲವೆಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಈ ಮಾತನ್ನು ಹೇಳಿ ನಾವು ನಗುತ್ತೇವೆ. ಆದರೆ ಆ ನಗುವಿನೊಳಗೆ ಒಂದು ನೋವೂ ಅಡಗಿದೆ. ಬಡಿಸುವವರು ನಮ್ಮವರಲ್ಲದಿದ್ದರೆ ಕೊನೆಯ ಪಂಕ್ತಿಯವನ ಗತಿಯೇನು? ಒಲೆ ಒಂದೇ, ಅಡುಗೆ ಒಂದೇ, ಎಲೆಯೂ ಒಂದೇ. ಆದರೂ ಒಬ್ಬನು ತೃಪ್ತನಾಗಿ ಏಳುತ್ತಾನೆ, ಅವನ ಪಕ್ಕದವನು ಅರೆಹೊಟ್ಟೆಯಲ್ಲಿ ಏಳುತ್ತಾನೆ. ಈ ಅಂತರವು ಹುಟ್ಟುವುದು ಬಡಿಸುವ ಕೈಯಲ್ಲಿ. ಈ ಪಾಠವನ್ನು ನಾನು ಬಾಲ್ಯದಲ್ಲಿ ಮಠದ ಪಂಕ್ತಿಯಲ್ಲಿ ಕಲಿತಿದ್ದೆ. ಮುಂದೆ ಗ್ರಂಥಗಳ ನಡುವೆ ಮರೆತೂಬಿಟ್ಟಿದ್ದೆ. ಅರವತ್ತು ದಾಟಿದ ಮೇಲೆ ನಮ್ಮ ಸೀಮೆಯ ಒಂದು ಮದುವೆಯ ಮಂಟಪ ಮತ್ತು ಬೆಂಗಳೂರಿನ ಒಂದು ಜಪಾನೀ ಭೋಜನಾಲಯ, ಇವೆರಡೂ ಕೂಡಿ ಅದನ್ನು ನೆನಪಿಗೆ ತಂದವು.

ಉಣ್ಣದೆ ಹೋದ ತಾಯಿ

ಕಳೆದ ವರ್ಷದ ವೈಶಾಖದಲ್ಲಿ ಸುರಪುರದ ಕಡೆಯ ಒಂದು ಮದುವೆಗೆ ಹೋಗಿದ್ದೆ. ಯಾದಗಿರಿ, ಶಹಾಪುರ, ಸುರಪುರದ ವೈಶಾಖದ ಬಿಸಿಲನ್ನು ಓದುಗರಿಗೆ ವರ್ಣಿಸಬೇಕಾಗಿಲ್ಲ. ಮದುವೆ ಮಾಡಿದವರು ಉದಾರಿಗಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾಹಿಂಡಿ, ಗೋಧಿಹುಗ್ಗಿ, ಹೋಳಿಗೆ, ಅನ್ನ, ಸಾರು, ಮೊಸರು ಇವಲ್ಲದೆ ಹೆಸರು ತಿಳಿಯದ ಉತ್ತರ ದೇಶದ ಭಕ್ಷ್ಯಗಳೂ ಇದ್ದವು. ಆದರೆ ಪಂಕ್ತಿಯಿರಲಿಲ್ಲ. ಉದ್ದನೆಯ ಮೇಜುಗಳ ಮೇಲೆ ಪಾತ್ರೆಗಳನ್ನು ಸಾಲಾಗಿ ಇಟ್ಟಿದ್ದರು. ತಟ್ಟೆ ಹಿಡಿದು ಸರದಿಯಲ್ಲಿ ನಿಲ್ಲುವುದು, ನೀಡಿಸಿಕೊಳ್ಳುವುದು, ನಿಂತಲ್ಲೇ ಉಣ್ಣುವುದು ಅಲ್ಲಿಯ ಕ್ರಮವಾಗಿತ್ತು. ನಾನೂ ಹಾಗೆಯೇ ಉಂಡು ಕೈತೊಳೆದೆ.

ಹೊರಡುವಾಗ ಗೋಡೆಯ ಪಕ್ಕದ ಕುರ್ಚಿಯಲ್ಲಿ ನನ್ನ ಬಾಲ್ಯದ ಗೆಳೆಯನ ತಾಯಿ ಕುಳಿತಿದ್ದುದು ಕಣ್ಣಿಗೆ ಬಿತ್ತು. ಎಂಬತ್ತೈದು ದಾಟಿದ ಜೀವ. ಊಟವಾಯಿತೇ ಎಂದು ಕೇಳಿದೆ. "ಯಪ್ಪಾ, ತಾಟ ಹಿಡಕೊಂಡು ಸಾಲಿನ್ಯಾಗ ನಿಂದ್ರಲಾಕ ಕಾಲಾಗ ಕಸುವಿಲ್ಲ. ಕುಂತಲ್ಲಿಗಿ ಬಂದು ಯಾರೂ ಕೇಳಲಿಲ್ಲ. ಇರ್ಲಿ ಬಿಡ್ರಿ, ಒಂದ್ ಹೊತ್ತಿನ ಮಾತು" ಎಂದರು. ಮೊಮ್ಮಗನೊಬ್ಬ ರೊಟ್ಟಿಯ ತಟ್ಟೆಯನ್ನು ತಂದಿಟ್ಟು ಹೋಗಿದ್ದನಂತೆ. ಅದು ಕಟಕ ರೊಟ್ಟಿ. ಆ ತಾಯಿಗೆ ಹಲ್ಲುಗಳಿಲ್ಲ. ನಾನು ಅನ್ನ ತರಲು ಹೋಗಿ ಬರುವಷ್ಟರಲ್ಲಿ ಊರಿನ ವಾಹನ ಹೊರಟಿತೆಂದು ಅವರನ್ನು ಕರೆದುಕೊಂಡು ಹೋಗಿದ್ದರು.

ಸಾವಿರಾರು ಜನರು ಉಂಡ ಮಂಟಪದಿಂದ ಒಬ್ಬ ತಾಯಿ ಹಸಿದು ಹೋದರು. ಅಲ್ಲಿ ಅನ್ನದ ಕೊರತೆಯೂ ಇರಲಿಲ್ಲ, ಯಜಮಾನರಿಗೆ ಮನಸ್ಸಿನ ಬಡತನವೂ ಇರಲಿಲ್ಲ. ನೋಡುವ ಕಣ್ಣೊಂದು ಇರಲಿಲ್ಲ. ಆ ಕಣ್ಣು ನನ್ನಲ್ಲಿಯೂ ಇರಲಿಲ್ಲವೆಂಬುದನ್ನು ಒಪ್ಪಿಕೊಂಡೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಉಣ್ಣುವ ಮೊದಲು ಸುತ್ತ ನೋಡುವ ಸಂಸ್ಕಾರವನ್ನು ಮಠದಲ್ಲಿ ಪಡೆದವನು ನಾನು. ಅಂದು ನನ್ನ ತಟ್ಟೆಯನ್ನಷ್ಟೇ ನೋಡಿದ್ದೆ.

ಬೆಂಗಳೂರಿನ ಜಪಾನೀ ಭೋಜನಾಲಯದಲ್ಲಿ

ಇದಾದ ಎರಡು ತಿಂಗಳಿಗೆ ಬೆಂಗಳೂರಿಗೆ ಹೋಗುವ ಪ್ರಸಂಗ ಬಂದಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿ ಜಪಾನೀ ಕಂಪನಿಯೊಂದರಲ್ಲಿ ಉದ್ಯೋಗಿಯಾಗಿದ್ದಾನೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರ ಕೊನೆಗೆ ವಾಹನಗಳ ತಯಾರಿಕೆ ಆರಂಭವಾಯಿತು. ಅದರೊಡನೆ, ತರುವಾಯ ಬಂದ ಇತರ ಉದ್ಯಮಗಳೊಡನೆ ಜಪಾನೀ ಕುಟುಂಬಗಳೂ ಬೆಂಗಳೂರಿಗೆ ಬಂದವು. ಅವರ ನಾಡಿನ ಊಟದ ಮನೆಗಳೂ ಅಲ್ಲಿವೆ. "ಗುರುಗಳೇ, ಒಂದು ಸಲ ನೋಡಬೇಕು" ಎಂದು ಶಿಷ್ಯನು ಒತ್ತಾಯಿಸಿದನು. ಜಪಾನೀಯರ ಊಟವೆಂದರೆ ಮೀನೆಂದು ಕೇಳಿದ್ದವನು ನಾನು. ಒಂದು ಬಟ್ಟಲು ಚಹಾ ಕುಡಿದು ಬರೋಣವೆಂಬ ಷರತ್ತಿನ ಮೇಲೆ ಒಪ್ಪಿದೆ.

ಬಾಗಿಲಲ್ಲಿ ಅರ್ಧಕ್ಕೆ ಇಳಿಬಿಟ್ಟ ಬಟ್ಟೆಯ ಪರದೆ. ಅದನ್ನು ದಾಟುವಾಗ ತಲೆ ತಾನಾಗಿ ಬಾಗುತ್ತದೆ. ಒಳಗಿದ್ದವರೆಲ್ಲರೂ ಕೆಲಸ ಮಾಡುತ್ತಲೇ ಒಕ್ಕೊರಲಿನಿಂದ ಸ್ವಾಗತ ಹೇಳಿದರು. ಪಾದರಕ್ಷೆ ಕಳಚಿ ಚಾಪೆಯ ಮೇಲೆ ಕೂಡ್ರುವ ಸ್ಥಳಕ್ಕೆ ನಮ್ಮನ್ನು ಕರೆದೊಯ್ಯಲು ಒಬ್ಬ ಹುಡುಗಿ ಬಂದಳು. ನಾನು ಮೊಣಕಾಲು ಹಿಡಿದು ಮೆಟ್ಟಿಲು ಏರುತ್ತಿದ್ದುದನ್ನು ಆಕೆ ದೂರದಿಂದಲೇ ಗಮನಿಸಿರಬೇಕು. ಯಾರೂ ಹೇಳದೆಯೇ ಬೆನ್ನಿಗೆ ಆಸರೆಯಿರುವ ಕುರ್ಚಿಯ ಕಡೆಗೆ ಕೈತೋರಿಸಿದಳು. ಕುಳಿತ ಕೂಡಲೇ ಬಿಸಿನೀರಿನಲ್ಲಿ ಅದ್ದಿ ಹಿಂಡಿ ಸುರುಳಿ ಸುತ್ತಿದ ಪುಟ್ಟ ವಸ್ತ್ರವನ್ನು ಕೈ ಒರೆಸಿಕೊಳ್ಳಲು ಕೊಟ್ಟಳು. ಇದನ್ನು ಅವರು ಓಶಿಬೋರಿ ಎನ್ನುತ್ತಾರೆ. ಆಮೇಲೆ ಚಹಾ ಬಂದಿತು. ನಮ್ಮ ಮನೆಗಳಲ್ಲಿ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು ಕೊಡುತ್ತಿದ್ದುದು ನೆನಪಾಯಿತು. ದಾರಿಯ ಧೂಳು ಕಳೆದ ಮೇಲೆಯೇ ಅತಿಥಿ ಒಳಗಿನವನಾಗುತ್ತಾನೆಂಬ ಭಾವ ಎರಡೂ ಕಡೆ ಒಂದೇ.

ನಾನು ಶುದ್ಧ ಸಸ್ಯಾಹಾರಿಯೆಂದು ಶಿಷ್ಯನು ಹೇಳಿದನು. ಹುಡುಗಿ ಒಡನೆಯೇ "ಆಗಲಿ" ಎನ್ನಲಿಲ್ಲ. ಅಡುಗೆಮನೆಗೆ ಹೋಗಿ ಕೇಳಿಕೊಂಡು ಬಂದಳು. "ಈ ಸಾರಿನಲ್ಲಿ ಕಾಣುವುದು ಸೋಯಾ ಗಿಣ್ಣಿನ ತುಂಡು ಮತ್ತು ಸೊಪ್ಪು ಮಾತ್ರ. ಆದರೆ ಇದರ ನೀರನ್ನು ಒಣಮೀನಿನಿಂದ ತೆಗೆದಿರುತ್ತಾರೆ. ನಿಮಗೆ ಕೊಡಲಾಗದು. ಕರಿದ ತರಕಾರಿಯ ಜೊತೆಗಿನ ರಸಕ್ಕೂ ಅದೇ ನೀರು. ಅದರ ಬದಲು ಉಪ್ಪು ಇಡುತ್ತೇವೆ. ಕರಿಯುವುದಕ್ಕೆ ಬೇರೆ ಬಾಣಲೆ, ಬೇರೆ ಎಣ್ಣೆ ಹಾಕಲು ಅಡುಗೆಯವರು ಒಪ್ಪಿದ್ದಾರೆ. ಸ್ವಲ್ಪ ತಡವಾಗುತ್ತದೆ" ಎಂದಳು. ಆಕೆ ಸುಮ್ಮನಿದ್ದರೆ ನನಗೆ ತಿಳಿಯುತ್ತಿರಲಿಲ್ಲ. ಕೊಡಲಾಗದು ಎಂದ ಆ ಮಾತು ನನಗೆ ಆ ದಿನದ ಅತ್ಯಂತ ದೊಡ್ಡ ಸತ್ಕಾರವಾಗಿ ಕಂಡಿತು. ಎದುರಿಗೆ ಕುಳಿತವನ ವ್ರತವನ್ನು ಕಾಯ್ದುಕೊಡುವುದೂ ಬಡಿಸುವವರ ಧರ್ಮ.

ಬಟ್ಟಲುಗಳು ಒಂದೊಂದಾಗಿ ಬಂದವು. ಅನ್ನ ಎಡಕ್ಕೆ, ಸಾರಿನ ಬಟ್ಟಲು ಬಲಕ್ಕೆ ಇಡುವುದು ಅವರ ಕ್ರಮ. ಕಡ್ಡಿಗಳನ್ನು ಉಣ್ಣುವವನ ಮುಂದೆ ಅಡ್ಡಲಾಗಿ, ತುದಿ ಎಡಕ್ಕೆ ಬರುವಂತೆ ಇಡುತ್ತಾರೆ. ನನ್ನ ಕಡ್ಡಿಗಳ ಪಕ್ಕದಲ್ಲಿ ಒಂದು ಚಮಚವೂ ಇತ್ತು. ನನ್ನ ಮುಜುಗರ ನಾಲ್ವರಿಗೆ ಕಾಣದಂತೆ ಆಕೆ ಅದನ್ನು ಮೊದಲೇ ಇಟ್ಟಿದ್ದಳು. ಚಹಾದ ಬಟ್ಟಲು ಬರಿದಾಗುವ ಮುನ್ನವೇ ತುಂಬುತ್ತಿತ್ತು. ಆದರೆ ಆಕೆ ನಮ್ಮ ತಲೆಯ ಮೇಲೆ ನಿಂತಿರಲಿಲ್ಲ. ಮಾತನಾಡುವಾಗ ದೂರವಿದ್ದಳು, ಬೇಕೆನಿಸಿದಾಗ ಹತ್ತಿರವಿದ್ದಳು.

ಹೊರಡುವಾಗ ನೀನು ಜಪಾನಿನವಳೇ ಎಂದು ಕೇಳಿದೆ. ಆಕೆ ನಕ್ಕು, ತಾನು ಮಣಿಪುರದವಳೆಂದೂ ಜಪಾನನ್ನು ಕಂಡಿಲ್ಲವೆಂದೂ ಮೂರು ತಿಂಗಳು ಇಲ್ಲಿಯೇ ಕಲಿತೆನೆಂದೂ ಹೇಳಿದಳು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಬಡಿಸುವ ಗುಣ ರಕ್ತದಿಂದ ಬರುವುದೆಂದು ಭಾವಿಸುವುದು ತಪ್ಪು. ಅದು ಕಲಿಸಿದರೆ ಬರುವ ವಿದ್ಯೆ. ಮಣಿಪುರದ ಹುಡುಗಿ ಮೂರು ತಿಂಗಳಲ್ಲಿ ಕಲಿತದ್ದನ್ನು ನಮ್ಮ ಶಹಾಪುರ, ಸುರಪುರದ ತರುಣರು ಕಲಿಯಲಾರರೇ?

ಒಂದು ಮಾತನ್ನು ಮರೆಮಾಚಬಾರದು. ಆ ಊಟದ ಬೆಲೆಯಲ್ಲಿ ನಮ್ಮ ಕಡೆಯ ಕುಟುಂಬವೊಂದರ ವಾರದ ಸಂತೆ ನಡೆಯುತ್ತದೆ. ಅಲ್ಲಿಯದು ಹಣ ಕೊಟ್ಟು ಪಡೆದ ಆದರ. ದಾಸೋಹದಲ್ಲಿ ಬೆಲೆಯ ಮಾತೇ ಇಲ್ಲ. ಆದರೆ ಹಣ ಪಡೆಯುವವರು ತೋರುವಷ್ಟು ಎಚ್ಚರವನ್ನು ಭಕ್ತಿಯಿಂದ ನೀಡುವವರು ತೋರದಿದ್ದರೆ, ಭಕ್ತಿಗೆ ಅದು ಶೋಭೆಯಲ್ಲ.

ಮೂರು ಬಟ್ಟಲು ಚಹಾ

ಬಂದವರು ಬಾಯಿಬಿಟ್ಟು ಕೇಳುವ ಮೊದಲೇ ಅವರ ಅಗತ್ಯವನ್ನು ಅರಿತು ನಡೆಯುವುದಕ್ಕೆ ಜಪಾನೀಯರು ಓಮೋತೆನಾಶಿ ಎನ್ನುತ್ತಾರೆ. ಇದರ ಬೇರುಗಳನ್ನು ಹುಡುಕುತ್ತ ಹೋದರೆ ಚಹಾದ ಮನೆಗೂ ಬೌದ್ಧ ಮಠಗಳ ಅಡುಗೆಮನೆಗೂ ತಲುಪುತ್ತೇವೆ. ಚಹಾ ವಿಧಿಯ ಮಹಾಗುರುವೆನಿಸಿದ ಸೆನ್ ನೋ ರಿಕ್ಯೂ (1522–1591) ಹೇಳಿದನೆನ್ನುವ ಏಳು ನಿಯಮಗಳು ಪ್ರಸಿದ್ಧವಾಗಿವೆ. ನೀರು ಕುದಿಯುವಂತೆ ಇದ್ದಿಲನ್ನು ಜೋಡಿಸು, ಬೇಸಿಗೆಯಲ್ಲಿ ತಂಪನ್ನೂ ಚಳಿಗಾಲದಲ್ಲಿ ಬೆಚ್ಚಗಿರುವುದನ್ನೂ ಒದಗಿಸು, ಮಳೆ ಬಾರದಿದ್ದರೂ ಮಳೆಗೆ ಸಿದ್ಧನಾಗಿರು, ಜೊತೆಗಿರುವವರ ಕಡೆಗೆ ಗಮನವಿಡು ಎಂಬ ಅರ್ಥದ ಸರಳ ಮಾತುಗಳು ಅವು. ಹೇಳಲು ಸುಲಭ, ನಿತ್ಯ ನಡೆಸಲು ಕಷ್ಟ.

ಅದೇ ಕಾಲದ ಒಂದು ಕಥೆ ಆ ನಾಡಿನಲ್ಲಿ ಮನೆಮಾತಾಗಿದೆ. ದೇಶವನ್ನು ಒಂದುಗೂಡಿಸಿದ ಹಿದೆಯೋಶಿ ಎಂಬ ದಂಡನಾಯಕನು ಬೇಟೆಯಿಂದ ದಣಿದು ಒಂದು ಮಠಕ್ಕೆ ಬಂದು ಚಹಾ ಕೇಳಿದನಂತೆ. ಮಠದ ಬಾಲಕನು ಮೊದಲು ದೊಡ್ಡ ಬಟ್ಟಲಿನಲ್ಲಿ ಉಗುರುಬೆಚ್ಚಗಿನ ಚಹಾ ತಂದನು. ಅದನ್ನು ಗಟಗಟನೆ ಕುಡಿದು ಇನ್ನೊಂದು ಕೇಳಿದಾಗ, ಅದಕ್ಕಿಂತ ಚಿಕ್ಕ ಬಟ್ಟಲಿನಲ್ಲಿ ಸ್ವಲ್ಪ ಬಿಸಿಯಾದುದನ್ನು ತಂದನು. ಮೂರನೆಯ ಸಲ ಪುಟ್ಟ ಬಟ್ಟಲಿನಲ್ಲಿ ಸುಡುವ ಬಿಸಿ ಚಹಾ. ಮೊದಲನೆಯದು ಬಾಯಾರಿಕೆಗೆ, ಎರಡನೆಯದು ದಣಿವಿಗೆ, ಮೂರನೆಯದು ರುಚಿಗೆ. ಆ ಬಾಲಕನೇ ಮುಂದೆ ಅವನ ಆಪ್ತನಾದ ಇಶಿದಾ ಮಿತ್ಸುನಾರಿ ಎಂದು ಹೇಳುತ್ತಾರೆ. ಚಹಾಪುಡಿ ಮೂರು ಸಲವೂ ಒಂದೇ. ನೀಡಿದ ಬಗೆ ಮಾತ್ರ ಬೇರೆ.

ಇನ್ನೂ ಹಿಂದೆ, 1237ರಲ್ಲಿ, ಡೋಗೆನ್ ಎಂಬ ಝೆನ್ ಗುರುವು ಮಠದ ಅಡುಗೆಯವನಿಗಾಗಿಯೇ ‘ತೆಂಜೋ ಕ್ಯೋಕುನ್’ ಎಂಬ ಕಿರುಗ್ರಂಥವನ್ನು ಬರೆದನು. ಅಕ್ಕಿಯ ಒಂದು ಕಾಳೂ ವ್ಯರ್ಥವಾಗದಂತೆ ತೊಳೆಯಬೇಕೆಂಬ ಎಚ್ಚರದಿಂದ ಹಿಡಿದು, ಅಡುಗೆಯವನಲ್ಲಿ ಇರಬೇಕಾದ ಮೂರು ಮನಸ್ಸುಗಳವರೆಗೆ ಅದರಲ್ಲಿ ಉಪದೇಶವಿದೆ. ಒಂದು ಹರ್ಷದ ಮನಸ್ಸು, ಇನ್ನೊಂದು ತಾಯಿತಂದೆಯರ ಮನಸ್ಸು, ಮತ್ತೊಂದು ವಿಶಾಲವಾದ ಮನಸ್ಸು. 1246ರಲ್ಲಿ ಊಟದ ನಡವಳಿಕೆಯ ಬಗೆಗೂ ಆತನು ಪ್ರತ್ಯೇಕವಾಗಿ ಬರೆದನು. ಅಡುಗೆಮನೆಯನ್ನು ಸಾಧನೆಯ ಸ್ಥಳವೆಂದು ಬಗೆದ ಈ ದೃಷ್ಟಿಯು ದಾಸೋಹವನ್ನು ಬಲ್ಲ ನಮಗೆ ಪರಕೀಯವೆನಿಸದು.

ನಮ್ಮ ನೆಲದ ಪಂಕ್ತಿ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರೂ ಶರಣರೂ ಕಾಯಕದೊಡನೆ ದಾಸೋಹವನ್ನು ಜೋಡಿಸಿದರು. ಕೊಡುವವನು ತಾನು ಮೇಲೆಂದು ತಿಳಿದರೆ ಅದು ದಾನ. ನಾನು ದಾಸನೆಂದು ತಿಳಿದು ಅರ್ಪಿಸಿದರೆ ದಾಸೋಹ. ಬಡಿಸುವವನು ಎಲೆಯ ಮುಂದೆ ಬಾಗುವುದರ ಅರ್ಥವೂ ಇದೇ. ಅವನು ಬಾಗುವುದು ಎಲೆ ಕೆಳಗಿದೆಯೆಂದಷ್ಟೇ ಅಲ್ಲ, ಅದರ ಮುಂದೆ ಜಂಗಮವು ಕುಳಿತಿದೆಯೆಂದು.

ಈ ಪರಂಪರೆಗೆ ನಮ್ಮ ಸೀಮೆಯಲ್ಲಿ ಇನ್ನೂ ಹಳೆಯ ಬೇರಿದೆ. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನವರ ಊರು. ಅವರ ಪತ್ನಿ ದುಗ್ಗಳೆಯ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಮರಳು ಬೆರೆತ ಅಕ್ಕಿಯನ್ನೂ ಕಬ್ಬನ್ನೂ ಕೊಟ್ಟು, ಬೇರೆ ನೀರು, ಬೇರೆ ಸೌದೆ ಬಳಸದೆ ಪಾಯಸ ಮಾಡಬಲ್ಲ ಕನ್ಯೆ ಬೇಕೆಂದು ದಾಸಿಮಯ್ಯನವರು ಕೇಳಿದಾಗ, ದುಗ್ಗಳೆ ಕಬ್ಬಿನ ರಸದಲ್ಲಿ ಅಕ್ಕಿಯನ್ನು ಬೇಯಿಸಿ, ಸಿಪ್ಪೆಯನ್ನೇ ಉರಿಸಿ ಪಾಯಸ ಮಾಡಿದಳೆಂಬುದು ಆ ಕಥೆ. ಇರುವುದು ಸ್ವಲ್ಪವೇ ಆದರೂ ಗಮನವಿದ್ದರೆ ಅತಿಥಿಗೆ ಪಾಯಸವಾಗುತ್ತದೆಂಬುದು ಅದರ ತಾತ್ಪರ್ಯ.

ನೆರೆಯ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರು (1746–1822) ಒಕ್ಕಲುತನ ಮಾಡುತ್ತಲೇ ದಾಸೋಹ ನಡೆಸಿ ಮಹಾದಾಸೋಹಿ ಎನಿಸಿದರು. ಹೊಲದಲ್ಲಿ ಹಕ್ಕಿಗಳನ್ನೂ ಓಡಿಸದೆ ತೆನೆ ತಿನ್ನಲು ಬಿಟ್ಟರೆಂಬ ಕಥೆ ಅವರದು. 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಸಾವಿರಾರು ವಿದ್ಯಾರ್ಥಿಗಳಿಗೆ ನಿತ್ಯ ಅನ್ನವಿಟ್ಟರು. ಆ ದಿನವನ್ನು ದಾಸೋಹ ದಿನವೆಂದು ಆಚರಿಸಲು ಕರ್ನಾಟಕ ಸರ್ಕಾರವು 2021ರಲ್ಲಿ ನಿರ್ಧರಿಸಿತು. ಇವರೆಲ್ಲರ ಮಹಿಮೆಯನ್ನು ಹೇಳುವಾಗ ನಾವು ಉಂಡವರ ಸಂಖ್ಯೆಯನ್ನೇ ಎಣಿಸುತ್ತೇವೆ. ಆ ಒಂದೊಂದು ಎಲೆಯ ಮುಂದೆ ಒಬ್ಬರು ಬಾಗಿ ಬಡಿಸಿದ್ದರೆಂಬುದನ್ನು ನೆನೆಯುವುದಿಲ್ಲ.

ಮಠದಲ್ಲಿ ಕಲಿತ ಕ್ರಮ

ನಾನು ಹನ್ನೊಂದನೆಯ ವಯಸ್ಸಿನಲ್ಲಿ ಮಠ ಸೇರಿದೆ. ಮೊದಲು ಕೈಗೆ ಬಂದದ್ದು ನೀರಿನ ತಂಬಿಗೆ, ಪುಸ್ತಕ ಆಮೇಲೆ. ಒಂದು ವರ್ಷ ನೀರು, ಮತ್ತೊಂದು ವರ್ಷ ಉಪ್ಪು ಮತ್ತು ಹಿಂಡಿ. ಅನ್ನದ ಬುಟ್ಟಿ ಹಿಡಿಯಲು ಮೂರು ವರ್ಷ ಕಾಯಬೇಕಾಯಿತು. ಹಿರಿಯ ಸ್ವಾಮಿಗಳು ಸಣ್ಣ ಸಣ್ಣ ಸಂಗತಿಗಳನ್ನೇ ತಿದ್ದುತ್ತಿದ್ದರು. ಅವುಗಳಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ.

ನೀರಿನವನು ಎಲ್ಲರಿಗಿಂತ ಮೊದಲು ಹೋಗಬೇಕು, ಎಲ್ಲರಿಗಿಂತ ಕೊನೆಗೆ ಹಿಂದಿರುಗಬೇಕು. ರೊಟ್ಟಿಯನ್ನು ಎಲೆಗೆ ಎಸೆಯಬಾರದು, ಇಡಬೇಕು. ಹೋಳಿಗೆಯವನ ಹಿಂದೆ ಎರಡೇ ಹೆಜ್ಜೆಯ ಅಂತರದಲ್ಲಿ ತುಪ್ಪದವನಿರಬೇಕು, ಏಕೆಂದರೆ ಆರಿದ ಹೋಳಿಗೆಗೆ ತುಪ್ಪ ಇಳಿಯುವುದಿಲ್ಲ. ಅನ್ನ ಮತ್ತು ಸಾರಿಗೂ ಇದೇ ನಿಯಮ. ಒಣ ಅನ್ನದ ಮುಂದೆ ಯಾರೂ ಕಾಯುತ್ತ ಕೂಡ್ರಬಾರದು. ಸೌಟು ಎಲೆಗೆ ತಾಗಬಾರದು. ಉಣ್ಣುವವರನ್ನು ದಾಟಿ ನಡೆಯಬಾರದು.

ಕೇಳುವ ಬಗೆಯಲ್ಲಿಯೂ ವಿವೇಕವಿತ್ತು. "ಬೇಕೇನು?" ಎಂದು ಕೇಳಿದರೆ ಸಂಕೋಚದವರು ಬೇಡವೆನ್ನುತ್ತಾರೆ. ಆದ್ದರಿಂದ "ಇನ್ನಿಷ್ಟು ನೀಡಲ್ರಿ?" ಎಂದು ಸೌಟು ತುಂಬಿಕೊಂಡೇ ಕೇಳಬೇಕು. ಕೈ ಅಡ್ಡ ಹಿಡಿದವರಿಗೆ ಒತ್ತಾಯಿಸಿ ಸುರಿಯಲೂಬಾರದು, ಏಕೆಂದರೆ ಎಲೆಯಲ್ಲಿ ಉಳಿದ ಅನ್ನದ ಪಾಪದಲ್ಲಿ ಬಡಿಸಿದವನಿಗೂ ಪಾಲುಂಟು. ಹಲ್ಲಿಲ್ಲದ ಹಿರಿಯರಿಗೆ ಬಿಸಿರೊಟ್ಟಿಯ ಮುಟಗಿಯನ್ನೋ ನುಚ್ಚು ಮಜ್ಜಿಗೆಯನ್ನೋ ಕೇಳದೆಯೇ ತರುತ್ತಿದ್ದೆವು. ಎಲ್ಲಕ್ಕಿಂತ ಮಿಗಿಲಾದ ಪಾಠವನ್ನು ಸ್ವಾಮಿಗಳು ಮಾತಿಲ್ಲದೆ ಕಲಿಸಿದರು. ಅವರ ಊಟ ಬೇಗನೆ ಮುಗಿಯುತ್ತಿತ್ತು. ಆದರೂ ಕೊನೆಯ ತುತ್ತನ್ನು ಎಲೆಯಲ್ಲಿ ಉಳಿಸಿಕೊಂಡು, ಪಂಕ್ತಿಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಉಣ್ಣುವ ಮಗು ಮುಗಿಸುವವರೆಗೆ ಕುಳಿತಿರುತ್ತಿದ್ದರು. ಗುರುಗಳು ಏಳದೆ ಯಾರೂ ಏಳುವಂತಿರಲಿಲ್ಲ. ಹೀಗಾಗಿ ಆ ಮಗು ಯಾರ ಅವಸರಕ್ಕೂ ಹೆದರದೆ ಉಣ್ಣುತ್ತಿತ್ತು. ಆ ಮಗು ಎಷ್ಟೋ ದಿನ ನಾನೇ ಆಗಿದ್ದೆ.

ಈ ಸಲದ ಜಾತ್ರೆಯಲ್ಲಿ

ಬೆಂಗಳೂರಿನಿಂದ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ನಮ್ಮೂರ ಮಠದ ಜಾತ್ರೆಯ ದಾಸೋಹಕ್ಕಾಗಿ ಹನ್ನೆರಡು ತರುಣರನ್ನು ಕೂಡಿಸಿ, ಬರಿಯ ಎಲೆಗಳನ್ನು ಹಾಸಿ ಮೂರು ಸಂಜೆ ಬಡಿಸುವುದನ್ನು ಕಲಿಸಿದೆ. ಮೊದಲು ನಕ್ಕರು. ಅವರನ್ನೇ ಎಲೆಯ ಮುಂದೆ ಕೂಡ್ರಿಸಿ ಕಾಯಿಸಿದಾಗ ನಗು ನಿಂತಿತು. ಇಪ್ಪತ್ತು ಎಲೆಗಳಿಗೆ ಒಬ್ಬನನ್ನು ಹೊಣೆ ಮಾಡಿದೆವು. ಕೈಯಲ್ಲಿ ಪಾತ್ರೆಯಿಲ್ಲದ ಒಬ್ಬನನ್ನು ಕೇವಲ ನೋಡುವುದಕ್ಕಾಗಿ ನೇಮಿಸಿದೆವು. ಯಾರು ನಿಂತಿದ್ದಾರೆ, ಯಾರು ಕೂಡ್ರಲಾರರು, ಯಾರ ಎಲೆ ಬರಿದಾಗಿದೆ ಎಂದು ಕಂಡು ಹೇಳುವುದೇ ಅವನ ಕಾಯಕ.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಮೂರನೆಯ ಪಂಕ್ತಿಗೆ ತುಪ್ಪ ಮುಗಿಯಿತು. ಹುಡುಗರು ಉತ್ಸಾಹದಿಂದ ಮೊದಲ ಪಂಕ್ತಿಗೆ ಧಾರಾಳವಾಗಿ ನೀಡಿಬಿಟ್ಟಿದ್ದರು. ಕೊನೆಯ ಪಂಕ್ತಿಯ ಪಾಲನ್ನು ಮೊದಲೇ ತೆಗೆದಿಡಬೇಕೆಂಬ ಪಾಠವನ್ನು ಆ ದಿನ ಅವರೂ ನಾನೂ ಕಲಿತೆವು.

ಮನೆಮನೆಗಳಲ್ಲಿ ಇದನ್ನು ಆರಂಭಿಸಲು ಹಣ ಬೇಕಾಗಿಲ್ಲ. ಮದುವೆಯಲ್ಲಿ ಮೇಜಿನ ಊಟ ಅನಿವಾರ್ಯವೆನ್ನುವವರು ಹಿರಿಯರಿಗಾಗಿ ಒಂದು ಚಿಕ್ಕ ಪಂಕ್ತಿಯನ್ನಾದರೂ ಹಾಕಿಸಲಿ. ಊಟದ ಗುತ್ತಿಗೆ ಕೊಟ್ಟರೂ ಬಂಧುಗಳನ್ನು ನೋಡುವ ಹೊಣೆಯನ್ನು ಮನೆಯವರೇ ಇಟ್ಟುಕೊಳ್ಳಲಿ. ತಾಯಂದಿರು ಮಕ್ಕಳ ಕೈಗೆ, ಹೆಣ್ಣು ಗಂಡೆನ್ನದೆ, ಮೊದಲು ನೀರಿನ ತಂಬಿಗೆಯನ್ನು ಕೊಡಲಿ. ದಿನದ ಊಟದಲ್ಲಿಯೂ ಎಲ್ಲರಿಗೂ ನೀಡಿ ಕೊನೆಗೆ ಉಣ್ಣುವ ಆ ತಾಯಿಗೆ ಒಂದು ಹೊತ್ತಾದರೂ ಮಕ್ಕಳು ಬಡಿಸಲಿ.

ಜಾತ್ರೆಯ ದಿನ ಗೆಳೆಯನ ತಾಯಿಯನ್ನು ಹೇಳಿ ಕಳಿಸಿ ಕರೆಸಿದ್ದೆ. ನೋಡುವ ಕಾಯಕದ ಹುಡುಗನು ಅವರನ್ನು ಗೋಡೆಗೆ ಆಸರೆಯಾಗಿ ಕೂಡ್ರಿಸಿದನು. ಅವನಿಗೆ ಅವರ ಗುರುತಿರಲಿಲ್ಲ, ನಾನೂ ಹೇಳಿರಲಿಲ್ಲ. ಮುಟಗಿ ಬಂದಿತು, ಮೆತ್ತಗಿನ ಅನ್ನ ಬಂದಿತು, ಹುಗ್ಗಿ ಬಂದಿತು. ಹುಗ್ಗಿಯನ್ನು ಎರಡನೆಯ ಸಲ ನೀಡಿಸಿಕೊಂಡು, "ಯಾರ ಮಗನೋ ಯಪ್ಪಾ ನೀನು?" ಎಂದು ಅವನನ್ನು ಕೇಳಿದರು. "ನಿಮ್ಮವನೇ ಆಯಿ" ಎಂದು ಹೇಳಿ ಅವನು ಮುಂದಿನ ಎಲೆಗೆ ಹೋದನು.

ಗಾದೆಯ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥವನ್ನು ಯಾವ ಗ್ರಂಥದಲ್ಲಿಯೂ ನಾನು ಓದಿಲ್ಲ. ಬಡಿಸುವವನು ಪಂಕ್ತಿಯಲ್ಲಿ ಕುಳಿತ ಎಲ್ಲರಿಗೂ ನಮ್ಮವನಾದರೆ, ಕೊನೆಯ ಪಂಕ್ತಿಯ ಚಿಂತೆ ಯಾರಿಗೂ ಇರದು.